ಎರಡನೆಯದು ತೆಗಿ

ಕರಿಗಲ್ಲು ಗುಡ್ಡದ ಗಣಿಯಲ್ಲಿ ನೀರಿಗೆ ರಜೆ ಇರಲಿಲ್ಲ. ಗಣಿಯ ತಳದಲ್ಲಿ ಎರಡು ಪಂಪುಗಳಿದ್ದವು, ಒಂದಲ್ಲ ಒಂದು ಓಡುತ್ತಲೇ ಇರಬೇಕು. ಎರಡೂ ನಿಂತರೆ ಮುಕ್ಕಾಲು ಗಂಟೆಯಲ್ಲಿ ತಳದ ಸುರಂಗ ತುಂಬುತ್ತದೆ ಎಂದು ಫೋರ್‌ಮನ್ ಶಿವಯ್ಯ ಕೆಲಸಕ್ಕೆ ಬಂದವರಿಗೆಲ್ಲ ಮೊದಲ ದಿನವೇ ಹೇಳುತ್ತಿದ್ದರು. ಚಿತ್ರಲಿಂಗಪ್ಪನಿಗೂ ಹೇಳಿದ್ದರು. ಅವನು ಅದನ್ನು ಮರೆಯುವ ಹಾಗಿರಲಿಲ್ಲ. ತಳದಲ್ಲಿ ಅದಿರು ಒಡೆಯುವ ಆರು ಜನರಲ್ಲಿ ಒಬ್ಬ ಅವನ ಅಳಿಯ ಜಂಪಣ್ಣ.

ಚಿತ್ರಲಿಂಗಪ್ಪ ಸ್ವಿಚ್ ಕೋಣೆಗೆ ಬಂದು ಆರು ತಿಂಗಳಾಗಿತ್ತು. ಅದಕ್ಕೆ ಮುಂಚೆ ಇಪ್ಪತ್ತೊಂದು ವರ್ಷ ಹಿರಿಯೂರಿನಲ್ಲಿ ಬೀದಿಬೀದಿಗೆ ನೀರು ಬಿಡುವ ಕೆಲಸ ಮಾಡಿದ್ದ. ಬೆಳಗಿನ ಆರಕ್ಕೆ ಪೇಟೆ ಬೀದಿಯ ವಾಲ್ವು ತೆಗಿ, ಏಳೂವರೆಗೆ ಅದನ್ನು ಬಂದ್ ಮಾಡಿ ಕೋಟೆ ಬೀದಿಯದು ತೆಗಿ. ಎರಡು ಗಂಟೆ ತಡವಾದರೆ ಹೆಂಗಸರು ಕೊಡ ಹಿಡಿದು ಮನೆಬಾಗಿಲಿಗೇ ಬರುತ್ತಿದ್ದರು. 'ಚಿತ್ರಲಿಂಗಣ್ಣ, ಯಾವಾಗ ತೆಗೀತೀಯ?' ಹೊಸ ಪಂಪ್‌ಹೌಸ್ ಬಂದಾಗ ದಿನಗೂಲಿಯವರನ್ನು ಬಿಡಿಸಿದರು. ಅಳಿಯನ ಮಾತಿನ ಮೇಲೆ ಇಲ್ಲಿ ಕೆಲಸ ಸಿಕ್ಕಿತು. ಕೆಲಸವೆಂದರೆ ಕೂತು ನೋಡುವುದು: ಗೋಡೆಯ ಮೇಲೆ ಎರಡು ಕಬ್ಬಿಣದ ಹಿಡಿ, ಪಕ್ಕದಲ್ಲಿ ಎರಡು ಮುಳ್ಳಿನ ಮೀಟರು, ಒಂದು ಗಡಿಯಾರ, ಕೆಳಕ್ಕೆ ಮಾತಾಡುವ ಒಂದು ಫೋನು. ಹಿಡಿ ಮೇಲಿದ್ದರೆ ಕರೆಂಟು ಕೆಳಗೆ ಹೋಗುತ್ತದೆ, ಕೆಳಗಿದ್ದರೆ ಇಲ್ಲ.

೧೯೭೪ರ ಮಾರ್ಚಿನಲ್ಲಿ ಎರಡನೇ ಪಂಪಿನ ಕೇಬಲಿನ ಹೊದಿಕೆ ಬಿರುಕು ಬಿಟ್ಟಿತು. ಗಣಿ ನಿಲ್ಲಿಸದೆ ಅದನ್ನು ಬದಲಾಯಿಸಬೇಕು. ಶಿವಯ್ಯ ಚೀಟಿ ಬರೆದರು: ಒಂದನೇ ಪಂಪು ಓಡುತ್ತಿರಲಿ, ಎರಡನೆಯ ಹಿಡಿ ಕೆಳಗಿರಲಿ, ನೂರಡಿ ಆಳದ ಜೋಡಣೆ ಪೆಟ್ಟಿಗೆಯಲ್ಲಿ ಹಳೆ ಕೇಬಲು ಬಿಚ್ಚಿ ಹೊಸದು ಕಟ್ಟುವುದು, ಒಂದು ಗಂಟೆ. ಹತ್ತು ಗಂಟೆಗೆ ಚಿತ್ರಲಿಂಗಪ್ಪ ಚೀಟಿಯನ್ನು ಎರಡು ಸಲ ಓದಿ, ಎರಡನೆಯ ಹಿಡಿ ಕೆಳಗಿಳಿಸಿದ.

ಎಲೆಕ್ಟ್ರಿಷಿಯನ್ ಕೆಂಚಣ್ಣ ಬಾಗಿಲಲ್ಲಿ ನಿಂತು ಬೀಡಿಯ ಕೊನೆಯ ದಮ್ಮು ಎಳೆಯುತ್ತಿದ್ದ. ತುರುವನೂರಿನವನು, ನಲವತ್ತರ ಆಸುಪಾಸು. ಸಂಜೆಗೆ ಒಂದಿಷ್ಟು ಹಾಕುತ್ತಾನೆಂದು ಎಲ್ಲರಿಗೂ ಗೊತ್ತಿತ್ತು. ಹಗಲಲ್ಲಿ ಹಾಕಿದ್ದನ್ನು ಯಾರೂ ಕಂಡಿರಲಿಲ್ಲ.

"ನೀರಣ್ಣ, ನಿದ್ದೆ ಗಿದ್ದೆ ಮಾಡೀಯ ಮತ್ತೆ. ಇದು ನಿಮ್ಮ ಹಿರಿಯೂರು ನಲ್ಲಿ ಅಲ್ಲ."

"ನೀನು ಇಳಿಯಪ್ಪ ಮೊದ್ಲು. ಬೀಡಿ ಮುಗಿಯೋದ್ರಾಗೆ ಮಧ್ಯಾಹ್ನ ಆಗ್ತೈತೆ."

ಕೆಂಚಣ್ಣ ಜೊತೆಗಾರ ಪಾಪಣ್ಣನನ್ನು ಕರೆದುಕೊಂಡು ಇಳಿದ.

ಹತ್ತೂ ಇಪ್ಪತ್ತಮೂರಕ್ಕೆ ಫೋನು ಕರಕರ ಎಂದಿತು.

"ಅಣ್ಣ, ಎಳ್ಡನೇದು ತೆಗ್ದೀಯೇನು?"

"ಇಲ್ಲಪ್ಪ, ಇನ್ನೂ ತೆಗ್ದಿಲ್ಲ."

"ಹಂಗಾದ್ರೆ ಈ ಲ್ಯಾಂಪು ಯಾಕೆ ಹತ್ತಲಿಲ್ಲ?" ಕೆಂಚಣ್ಣ ಆ ಕಡೆ ಪಾಪಣ್ಣನಿಗೆ ಹೇಳುವುದು ಕೇಳಿಸಿತು. "ಸುಟ್ಟೋಗೈತೆ ಕಣೋ ಇದು. ಇಕಾ, ಇಟ್ಕ, ನಿನ್ನ ಮದುವೇಲಿ ಹಚ್ಚಾಣ."

ಹಣೆಯ ದೀಪದ ಮಾತಿರಬೇಕು ಎಂದುಕೊಂಡ ಚಿತ್ರಲಿಂಗಪ್ಪ. "ಎಲ್ಲಾ ಆಯ್ತಾ ಹಂಗಾರೆ?"

"ಆಯ್ತಣ್ಣ ಆಯ್ತು. ತೆಗಿ ಬೇಗ."

ಗಂಟೆಯ ಕೆಲಸ ಇಪ್ಪತ್ತು ನಿಮಿಷಕ್ಕೇ ಮುಗಿಯಿತಲ್ಲ, ಗಟ್ಟಿ ಆಸಾಮಿ ಎಂದುಕೊಳ್ಳುತ್ತ ಚಿತ್ರಲಿಂಗಪ್ಪ ಎರಡನೆಯ ಹಿಡಿಯನ್ನು ಮೇಲಕ್ಕೆ ದೂಡಿದ. ಮೀಟರಿನ ಮುಳ್ಳು ಅಲುಗಲಿಲ್ಲ. ಅಲುಗಬೇಕಾಗಿಯೂ ಇರಲಿಲ್ಲ, ಕೆಳಗೆ ಬಟನ್ ಒತ್ತುವವರೆಗೆ ಮೋಟಾರು ತಿರುಗುವುದಿಲ್ಲ.

"ತೆಗ್ದೆ" ಎಂದ.

"ಹ್ಞೂಂ."

ಆಮೇಲೆ ಫೋನಿನಲ್ಲಿ ಬಂದದ್ದು ಪಾಪಣ್ಣನ ದನಿ. ಮೊದಲು ಅದು ಅವನದೆಂದು ಗೊತ್ತೇ ಆಗಲಿಲ್ಲ.

"ತೆಗಿ, ತೆಗಿ, ಎಳ್ಡು ತೆಗಿ."

ಚಿತ್ರಲಿಂಗಪ್ಪ ಎದ್ದು ನಿಂತು ಹಿಡಿ ನೋಡಿದ. ಮೇಲೇ ಇತ್ತು. "ತೆಗ್ದೀನಪ್ಪ. ತೆಗ್ದೇ ಐತೆ."

"ಹಿಡ್ಕಂಡೈತೆ, ತೆಗಿಯಣ್ಣ, ನಿನ್ನ ಕಾಲಿಗೆ ಬೀಳ್ತೀನಿ."

"ತೆಗ್ದೇ ಐತೆ ಅಂತೀನಲ್ಲ, ಇನ್ನೇನು ತೆಗೀಲಿ?"

ಅವನ ಕಣ್ಣು ಒಂದನೇ ಹಿಡಿಯ ಮೇಲೆ ಹೋಯಿತು. ಇದನ್ನೇನಾದರೂ ಕೇಳುತ್ತಿದ್ದಾನೆಯೇ? ಅದನ್ನು ಮುಟ್ಟಿದರೆ ನೀರು ಏರುತ್ತದೆ, ತಳದಲ್ಲಿ ಆರು ಜನ. ಅವನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ, ತಪ್ಪಿಯೂ ಏನನ್ನೂ ಮುಟ್ಟಬಾರದೆಂದು. ಹಾಗೆ ಎಷ್ಟು ಹೊತ್ತು ನಿಂತಿದ್ದನೋ, ಫೋನಿನ ಕೂಗು ಕೇಳಿ ಶಿವಯ್ಯ ಓಡಿ ಬಂದರು. ಬಂದವರೇ ಎರಡನೆಯ ಹಿಡಿಯನ್ನು ಮುಷ್ಟಿಯಿಂದ ಗುದ್ದಿ ಕೆಳಗಿಳಿಸಿದರು. ಗಡಿಯಾರದಲ್ಲಿ ಹತ್ತೂ ಇಪ್ಪತ್ತೊಂಬತ್ತು.

"ಯಾಕೆ ಹಾಕಿದ್ರಿ?" ಎಂದರು.

"ತೆಗಿ ಅಂದ."

ಶಿವಯ್ಯ ಅವನ ಮುಖವನ್ನೇ ನೋಡಿದರು. ಅವರು ನೋಡಿದ ರೀತಿಗೆ, ತಾನು ಏನು ಮಾಡಿದೆನೆಂಬುದು ಚಿತ್ರಲಿಂಗಪ್ಪನಿಗೆ ಆ ಕ್ಷಣದಲ್ಲಿ ಹೊಳೆಯಿತು. ವಾಲ್ವು ತೆಗೆದರೆ ನೀರು ಹರಿಯುತ್ತದೆ. ಕರೆಂಟು ತೆಗೆದರೆ ಹೋಗುತ್ತದೆ. ಮನೆಯಲ್ಲಿ ದೀಪ ಆರಿದಾಗ 'ಕರೆಂಟು ತೆಗೆದ್ರು ಕಣೇ' ಎಂದು ಅವನೇ ನೂರು ಸಲ ಅಂದಿದ್ದ. ನಾಲಿಗೆಗೆ ಎರಡೂ ಅರ್ಥ ಗೊತ್ತಿದ್ದವು, ಕೈಗೆ ಒಂದೇ ಗೊತ್ತಿತ್ತು. ಗಣಿಗೆ ಬಂದ ಆರು ತಿಂಗಳಲ್ಲಿ ಅವನಿಗೆ ಯಾರೂ 'ತೆಗಿ' ಅಂದಿರಲಿಲ್ಲ. ಏನನ್ನೂ ತೆಗೆಯಬಾರದ ಜಾಗ ಅದು.

ಕೆಂಚಣ್ಣನನ್ನು ಹನ್ನೊಂದೂ ಕಾಲಿಗೆ ಮೇಲೆ ತಂದರು. ಒಂದನೇ ಪಂಪು ಓಡುತ್ತಲೇ ಇತ್ತು. ತಳದ ಆರು ಜನಕ್ಕೆ ಸುದ್ದಿ ತಿಳಿದದ್ದು ಪಾಳಿ ಮುಗಿದ ಮೇಲೆ. ಮಾರನೆಯ ದಿನ ಹೊಳಲ್ಕೆರೆಯಿಂದ ಕಾಟಯ್ಯ ಎಂಬ ಎಲೆಕ್ಟ್ರಿಷಿಯನ್ ಬಂದು ಅದೇ ಪೆಟ್ಟಿಗೆಯಲ್ಲಿ ಹೊಸ ಕೇಬಲು ಕಟ್ಟಿದ. ತಂತಿಯಲ್ಲಿ ಕರೆಂಟು ಇದೆಯೇ ಎಂದು ಪರೀಕ್ಷಿಸಲು ಕೆಂಚಣ್ಣನ ಲ್ಯಾಂಪನ್ನೇ ಹಿಡಿದು ನೋಡಿದನಂತೆ. ಚೆನ್ನಾಗಿ ಉರಿಯಿತಂತೆ.

ಐದನೆಯ ದಿನ ವಿಚಾರಣೆಗೆ ಅಧಿಕಾರಿ ಬಂದರು. ಬೆಳಿಗ್ಗೆಯೇ ಶಿವಯ್ಯ ಚಿತ್ರಲಿಂಗಪ್ಪನನ್ನು ಶೆಡ್ಡಿನ ಹಿಂದಕ್ಕೆ ಕರೆದರು.

"ನೋಡ್ರಿ, ಕೇಳಿದ್ದಕ್ಕಷ್ಟೇ ಹೇಳ್ರಿ. ತೆಗಿ ಅಂದ, ತೆಗ್ದೆ. ಪಾಪಣ್ಣ ಕೇಳಿರೋದೂ ಇಷ್ಟೇ. ಇದ್ರಾಗೆ ಸುಳ್ಳು ಒಂದಕ್ಷರ ಇಲ್ಲ."

"ಹಿಡಿ ಮೇಲಿತ್ತಲ್ಲ ಸ್ವಾಮಿ. ನೀವೇ ಇಳಿಸಿದ್ರಿ."

"ನಾನು ಹಿಡಿ ನೋಡ್ಲಿಲ್ಲ." ಶಿವಯ್ಯ ನೆಲ ನೋಡುತ್ತ ಹೇಳಿದರು. "ಅದಕ್ಕೊಂದು ಬೀಗ ಹಾಕಿಸ್ರಿ ಅಂತ ಎರಡು ವರ್ಷದಿಂದ ಬರೀತಾ ಇದ್ದೆ. ಈಗ ಅದೂ ನನ್ನ ತಲೆಗೇ ಬರ್ತೈತೆ. ಸತ್ತವನು ಬರೋದಿಲ್ಲ ಚಿತ್ರಲಿಂಗಪ್ಪ. ನಿಮ್ಗೆ ಇನ್ನೊಬ್ಬ ಮಗಳ ಮದುವೆ ಐತೆ."

ಆಫೀಸಿನ ಜಗುಲಿಯಲ್ಲಿ ಕೆಂಚಣ್ಣನ ಹೆಂಡತಿ ಕಾಳಕ್ಕ ಕೂತಿದ್ದಳು. ಚಿತ್ರಲಿಂಗಪ್ಪ ಹಾದು ಹೋಗುವಾಗ ತಲೆಯೆತ್ತಿದಳು.

"ಅಣ್ಣ, ಅವತ್ತು ಅವ್ರು ಕುಡ್ದಿದ್ರಾ? ಎಲ್ರೂ ಹಂಗೇ ಅಂತಾರೆ. ಬೆಳಗ್ಗೆ ನನ್ನ ಮುಂದೆ ಮುದ್ದೆ ಉಂಡು ಬಂದ್ರು, ವಾಸನೆ ಇರ್ಲಿಲ್ಲ."

ಅವನು ಒಳಗೆ ಹೋದ.

ಅಧಿಕಾರಿ ನಿಧಾನದ ಮನುಷ್ಯ. ಪ್ರಶ್ನೆ ಕೇಳಿ, ಉತ್ತರ ಪೂರ್ತಿ ಕೇಳಿಸಿಕೊಂಡು, ಆಮೇಲೆ ಗುಮಾಸ್ತನಿಗೆ ಬರೆಯಲು ಹೇಳುತ್ತಿದ್ದರು. ಪಾಪಣ್ಣನ ಹೇಳಿಕೆ ಆಗಲೇ ಮುಗಿದಿತ್ತು. ಚಿತ್ರಲಿಂಗಪ್ಪನದು ಹತ್ತು ನಿಮಿಷ ಹಿಡಿಯಿತು. ಗುಮಾಸ್ತ ಓದಿ ಹೇಳಿದ:

"'ಎರಡನೆಯದನ್ನು ತೆಗೆ ಎಂದು ಮೃತನು ಫೋನಿನಲ್ಲಿ ತಿಳಿಸಿದನು. ನಾನು ತೆಗೆದೆನು. ತೆಗೆದಿರುವುದಾಗಿ ಅವನಿಗೆ ತಿಳಿಸಿದೆನು.'"

"ಪಾಪಣ್ಣನೂ ಇದನ್ನೇ ಹೇಳಿದಾನೆ" ಎಂದರು ಅಧಿಕಾರಿ. "ಹಾಗಾದರೆ ನಿಮ್ಮಿಂದ ಲೋಪ ಇಲ್ಲ. ಅವನು ದೀಪ ಹಿಡಿದು ಸರಿಯಾಗಿ ನೋಡದೆ, ಓಡುತ್ತಿದ್ದ ಒಂದನೇ ಪಂಪಿನ ಕೇಬಲಿಗೆ ಕೈ ಹಾಕಿರಬೇಕು. ಅಜಾಗರೂಕತೆ. ಕುಡಿದಿದ್ದ ಅನ್ನೋ ಮಾತೂ ಇದೆ. ಸಹಿ ಹಾಕಿ."

ಗುಮಾಸ್ತ ಕಾಗದ ತಿರುಗಿಸಿ ಇಟ್ಟ. ಬರೆದದ್ದೆಲ್ಲ ನಿಜವೇ ಆಗಿತ್ತು. ಚಿತ್ರಲಿಂಗಪ್ಪ ಪೆನ್ನು ತೆಗೆದುಕೊಂಡ. ಗೋಡೆಯಾಚೆ ಒಂದನೇ ಪಂಪಿನ ನೀರು ತೊಟ್ಟಿಗೆ ಬೀಳುವ ಸದ್ದು ಕೇಳುತ್ತಿತ್ತು. ಅವನು ಪೆನ್ನನ್ನು ಮೇಜಿನ ಮೇಲಿಟ್ಟ.

"ಸ್ವಾಮಿ, 'ತೆಗೆದೆನು' ಅನ್ನೋದು ಹೊಡ್ದು ಹಾಕ್ರಿ."

"ಯಾಕೆ? ತೆಗೀಲಿಲ್ವಾ?"

"ತೆಗ್ದೆ. ನಲ್ಲಿ ತೆಗೆದಂಗೆ ತೆಗ್ದೆ. ಕೆಂಚಣ್ಣ ಕೇಳೋ ಮುಂಚೆ ಅದು ಕೆಳಗೇ ಇತ್ತು. ಅವನ ದೀಪ ಸರಿಯಾಗೇ ಹೇಳಿತ್ತು. ನನ್ನ ಮಾತು ನಂಬಿ ದೀಪ ಬದಿಗಿಟ್ಟ. ನಾನು ಹಾಕ್ದೆ ಅಂತ ಬರ್ಕಳ್ರಿ."

ಬಾಗಿಲ ಬಳಿ ನಿಂತಿದ್ದ ಶಿವಯ್ಯ ಆಚೆ ಹೋದರು. ಅಧಿಕಾರಿ ಕಾಗದವನ್ನು ತಮ್ಮ ಕಡೆ ಎಳೆದುಕೊಂಡರು.

"ಪಾಪಣ್ಣ ಆಮೇಲೆ ಕೂಗಿಕೊಂಡಾಗ?"

"ಆಗ್ಲೂ ತೆಗಿ ಅಂದ. ತೆಗ್ದೇ ಐತೆ ಅಂದೆ. ಕೈ ಕಟ್ಕಂಡು ನಿಂತಿದ್ದೆ. ಅದನ್ನೂ ಬರ್ಕಳ್ರಿ."

ಹೇಳಿಕೆಯನ್ನು ಹೊಸ ಹಾಳೆಯಲ್ಲಿ ಬರೆಯಬೇಕಾಯಿತು. ಸಹಿ ಹಾಕಿ ಮುಗಿಸಿದಾಗ, ನಾಳೆಯಿಂದ ಕೆಲಸಕ್ಕೆ ಬರಬೇಡಿ, ಮುಂದಿನದು ಪೊಲೀಸರು ತಿಳಿಸುತ್ತಾರೆ ಎಂದು ಗುಮಾಸ್ತ ಮೆಲ್ಲಗೆ ಹೇಳಿದ.

ಕಾಳಕ್ಕ ಅಲ್ಲೇ ಇದ್ದಳು. ಚಿತ್ರಲಿಂಗಪ್ಪ ಅವಳೆದುರು ಮೆಟ್ಟಿಲ ಮೇಲೆ ಕುಕ್ಕರಿಸಿದ.

"ಕುಡ್ದಿರ್ಲಿಲ್ಲ ಕಣಮ್ಮ. ಹಂಗಂತ ಬರ್ಸಿದೀನಿ. ಅವನ ತಪ್ಪು ಏನೂ ಇಲ್ಲ. ಕರೆಂಟು ಹಾಕಿದ್ದು ನಾನು."

ಅವಳು ಅವನ ಕೈಗಳನ್ನು ನೋಡಿದಳು, ಮುಖವನ್ನಲ್ಲ. ನೋಡುತ್ತಲೇ ಕೇಳಿದಳು.

"ಅವ್ರು ಕೂಗಿದ್ರಾ?"

"ಅವನು ಕೂಗ್ಲಿಲ್ಲ. ಪಾಪಣ್ಣ ಕೂಗ್ದ."

"ಏನಂತ?"

ಚಿತ್ರಲಿಂಗಪ್ಪ ಬಾಯಿ ತೆರೆದ. ಆ ಒಂದು ಮಾತು ಹೊರಡಲಿಲ್ಲ. ಕಾಳಕ್ಕ ಕಾದಳು. ಆಮೇಲೆ ಸೆರಗು ಹೊದ್ದು ಎದ್ದು, ಅವನನ್ನು ಬಳಸಿ ಮೆಟ್ಟಿಲಿಳಿದು, ಬಸ್ಸಿನ ರಸ್ತೆಯ ಕಡೆ ನಡೆದಳು.