ಮೂವತ್ತೊಂದನೇ ಪ್ರಶ್ನೆ

ನನ್ನ ಓರಗಿತ್ತಿಯನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಭಾವ ಸತ್ತು ಹನ್ನೊಂದು ವರ್ಷವಾದರೂ ನಮ್ಮ ಔಷಧಿ ಗೋದಾಮು ನಡೆಯುತ್ತಿದ್ದದ್ದು ಆಕೆಯ ತಲೆಯೊಳಗೆ. ಯಾವ ಪೆಟ್ಟಿಗೆ ಎಲ್ಲಿದೆ, ಯಾವುದರ ಅವಧಿ ಮುಗಿಯುತ್ತ ಬಂತು, ಎಲ್ಲ ನಾನು ಅಕ್ಕ ಎಂದು ಕರೆಯುತ್ತಿದ್ದ ಆಕೆಗೇ ಗೊತ್ತು. ನಾನು ಏನು ಕೇಳಿದರೂ ನನ್ನ ಗಂಡ, ಮಾಲೀಕರೆನಿಸಿಕೊಂಡವರು, "ಅತ್ತಿಗೇನ ಕೇಳು" ಎನ್ನುತ್ತಿದ್ದರು. ಅದನ್ನು ಕೇಳಿ ಕೇಳಿ ನನಗೆ ಹೊಟ್ಟೆ ಉರಿಯುತ್ತಿತ್ತು.

ಸಾಫ್ಟ್‌ವೇರ್ ಕೊಂಡು ದಾಸ್ತಾನಿನ ಲೆಕ್ಕವನ್ನೆಲ್ಲ ಅದಕ್ಕೇ ಒಪ್ಪಿಸುವ ಮಾತು ಬಂದ ದಿನ ಅಕ್ಕನ ಮುಖ ಸಪ್ಪಗಾಯಿತು. ಆ ಕುರ್ಚಿ ಬಿಟ್ಟರೆ ಆಕೆಗೆ ಬೇರೆ ಗತಿಯಿರಲಿಲ್ಲ. ಮಲಗುವ ಕೋಣೆಯೂ ಗೋದಾಮಿನ ಮೇಲೆ, ಕೆಲಸದ ಜೊತೆಗೆ ಕೊಟ್ಟದ್ದು.

"ಕಣ್ಮುಚ್ಕೊಂಡು ತಗೋಬಾರ್ದು," ಎಂದಳು. "ಗಿರಾಕಿಗಳ ವಿವರ ಯಾರ ಕೈಗೆ ಹೋಗುತ್ತೆ, ಕರೆಂಟ್ ಹೋದ್ರೆ ಏನ್ಮಾಡ್ಬೇಕು, ಎಲ್ಲಾ ಮೊದಲೇ ಕೇಳ್ಬೇಕು."

"ಹಾಗಾದ್ರೆ ಪ್ರಶ್ನೆಗಳನ್ನ ನೀವೇ ಬರೆದಿಡಿ ಅತ್ತಿಗೆ," ಎಂದರು ಇವರು.

ಅಷ್ಟು ಸಾಕಾಯಿತು. ಕಷ್ಟದ ಪ್ರಶ್ನೆ ಕೇಳಿದರೆ ಮಾರುವವನು ಕಾಲಿಗೆ ಬುದ್ಧಿ ಹೇಳುತ್ತಾನೆಂದು ಅಕ್ಕ ಎಣಿಸಿದಳು. ಮೂರು ವಾರ ಕೂತು ಮೂವತ್ತೊಂದು ಪ್ರಶ್ನೆ ಬರೆದಳು. ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರಕ್ಕೆ ಖಾಲಿ ಜಾಗ.

ಆಕೆ ಊಟಕ್ಕೆ ಹೋದಾಗ ನಾನು ಓದಿದೆ. 'ದೊಡ್ಡ ಫ್ರಿಜ್ಜಿನ ಮೇಲಿನ ಖಾನೆ ಎರಡು ಡಿಗ್ರಿ ಹೆಚ್ಚು ಬಿಸಿ ಇರುವುದರಿಂದ ಅಲ್ಲಿ ಇನ್ಸುಲಿನ್ ಇಡಬಾರದೆಂದು ಇದು ಎಚ್ಚರಿಸುತ್ತದೆಯೇ?' 'ಹೆರಿಗೆ ಆಸ್ಪತ್ರೆಯವರು ಹತ್ತು ಎಂದರೆ ಹತ್ತು ಪೆಟ್ಟಿಗೆ, ನರ್ಸಿಂಗ್ ಹೋಮಿನವರು ಹತ್ತು ಎಂದರೆ ಹತ್ತು ಮಾತ್ರೆ ಪಟ್ಟಿ. ಇದಕ್ಕೆ ಅದು ಹೇಗೆ ಗೊತ್ತಾಗುತ್ತದೆ?' ನನಗೆ ನಗು ತಡೆಯಲಾಗಲಿಲ್ಲ. ಯಾರಿಗೂ ಬಿಟ್ಟುಕೊಡದ ಗುಟ್ಟುಗಳನ್ನೆಲ್ಲ ಪ್ರಶ್ನೆಯ ನೆಪದಲ್ಲಿ ತಾನೇ ಬರೆದುಕೊಟ್ಟಿದ್ದಳು. ಒಂದು ಮಾತು ಹೇಳಿ ಎಚ್ಚರಿಸಬಹುದಿತ್ತು. ನಾನು ಬಾಯಿ ಬಿಡಲಿಲ್ಲ. ಅದರ ಒಂದು ಪ್ರತಿಯನ್ನು ಮಾರುವವನಿಗೆ ಕಳಿಸಿದ್ದೂ ನಾನೇ.

ಹತ್ತು ದಿನ ಬಿಟ್ಟು ಅವನು ಕಂಪ್ಯೂಟರ್ ಹಿಡಿದು ಬಂದ. "ಇಷ್ಟು ಚೆನ್ನಾಗಿ ಯಾರೂ ಬರೆದುಕೊಟ್ಟಿರ್ಲಿಲ್ಲ ಮೇಡಂ," ಎಂದ. "ಇದನ್ನ ನೋಡ್ಕೊಂಡೇ ಎಲ್ಲಾ ಹೊಂದಿಸಿದೀವಿ."

ಅಕ್ಕನ ಪೆನ್ನು ನಿಂತಿತು. ತಾನೇನು ಮಾಡಿದೆನೆಂದು ಆಗ ಅರ್ಥವಾಯಿತು. ಆದರೂ ಶಿಸ್ತಿನ ಹೆಂಗಸು, ಒಂದೊಂದೇ ಪ್ರಶ್ನೆ ಓದಿ ಉತ್ತರ ಬರೆದುಕೊಳ್ಳುತ್ತ ಹೋದಳು.

"ಒಂಬತ್ತನೇದು. ಯಂತ್ರ ಇಡೋಕೆ ಎಂಥ ಜಾಗ ಬೇಕು?"

"ತೇವ ಇರ್ಬಾರ್ದು. ಗಾಳಿ ಆಡ್ಬೇಕು, ಬಾಗಿಲಿಗೆ ಬೀಗ ಇರ್ಬೇಕು."

ಇವರು ತಲೆಯೆತ್ತಿ ಚಾವಣಿ ನೋಡಿದರು. "ಮೇಲಿನ ಕೋಣೆ ಇದೆಯಲ್ಲ," ಎಂದರು. ಅಕ್ಕ ಅದನ್ನೂ ಬರೆದುಕೊಂಡಳು.

ಮೂವತ್ತೊಂದನೆಯದು ಹೋದ ವರ್ಷ ನಾವು ಕೆಲಸದಿಂದ ತೆಗೆದ ನಮ್ಮ ಮಾರಾಟದ ಹುಡುಗನ ಸಲುವಾಗಿ ಬರೆದದ್ದು. ಅವನು ಹೋದಮೇಲೂ ನಮ್ಮ ಫೋನಿನ ಗುಂಪಿನಲ್ಲೇ ಉಳಿದು ತಿಂಗಳುಗಟ್ಟಲೆ ನಮ್ಮ ದರಗಳನ್ನು ಕದ್ದು ನೋಡುತ್ತಿದ್ದ. 'ಕೆಲಸದಿಂದ ತೆಗೆದವರಿಗೆ ಬಾಗಿಲು ಮುಚ್ಚಲು ಎಷ್ಟು ಹೊತ್ತು ಬೇಕು?'

"ಮಾಡೇ ತೋರಿಸ್ತೀನಿ," ಎಂದ ಮಾರುವವನು. ಪರದೆಯ ಮೇಲೆ ನಮ್ಮೆಲ್ಲರ ಹೆಸರಿತ್ತು. "ಯಾರದ್ದು ತೆಗೀಲಿ?"

"ಅಕ್ಕಂದೇ ತೆಗೀರಿ," ಎಂದೆ ನಾನು.

ಹೆಸರು ಹೋಯಿತು. ನನಗೆ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಅವನು ಅದನ್ನು ವಾಪಸ್ ಸೇರಿಸಲು ಹೊರಟ.

"ಇರ್ಲಿ ಬಿಡಿ," ಎಂದರು ಇವರು.

ಗೋಡೆ ಗಡಿಯಾರದಲ್ಲಿ ಹೊತ್ತು ಲೆಕ್ಕ ಹಾಕಿದ್ದ ಅಕ್ಕ ಬಲಗಡೆ 'ನಾಲ್ಕು ಸೆಕೆಂಡು' ಎಂದು ಬರೆದಳು. ಆಮೇಲೆ ಇವರನ್ನು ಕೇಳಿದಳು, "ನಾಳೆ ಎಷ್ಟೊತ್ತಿಗೆ ಬರ್ಲಿ?"

"ಇನ್ಯಾಕೆ ಅತ್ತಿಗೆ. ಎಲ್ಲಾ ಬರ್ದಿದೀರಲ್ಲ."

ಅಕ್ಕ ಪೆನ್ನಿನ ಮುಚ್ಚಳ ಹಾಕಿ, ಹಾಳೆಗಳನ್ನು ಜೋಡಿಸಿ ನನ್ನ ಕೈಗಿಟ್ಟಳು. "ಏನಾದ್ರೂ ಬಿಟ್ಟುಹೋಗಿದ್ಯಾ ನೋಡು," ಎಂದಳು. ನಾನು ಮೊದಲಿಂದ ಕೊನೆಯವರೆಗೆ ನೋಡಿದೆ. ಏನೂ ಬಿಟ್ಟುಹೋಗಿರಲಿಲ್ಲ.