ಹಳಿಯಾಚೆಯ ತವರು

"ಎತ್ತಬೇಡಿ ಅಂದೆ ತಾನೇ! ತವರಿನ ಸೀರೆ ಹೊದಿಸ್ದೆ ಕಳ್ಸೋಕೆ ಅವಳೇನು ಅನಾಥಳಾ?"

ಪಕ್ಕದ ಮನೆಯ ಯಶೋದಮ್ಮ ಚಟ್ಟಕ್ಕೆ ಅಡ್ಡವಾಗಿ ನಿಂತಿದ್ದಳು. ಸತ್ತ ತುಂಗಮ್ಮನ ಮಗ ಯೋಗಾನಂದ ಹೆಣದ ಗಾಡಿಯ ಬಾಗಿಲು ಹಿಡಿದು ಸಿಡುಕಿದ.

"ಆಂಟಿ, ಮಾವಂಗೆ ಬೆಳಿಗ್ಗೆನೇ ಫೋನ್ ಮಾಡಿದೀನಿ. ಆಟೋದಲ್ಲಿ ಬನ್ನಿ ಅಂದೆ. ಡ್ರೈವರ್ ಬೈತಾ ಇದಾನೆ."

"ಬೈಲಿ ಬಿಡು. ನಿಮ್ಮವ್ವ ಏನು ಎದ್ದು ಓಡೋಗ್ತಾಳಾ?"

"ಅವರಣ್ಣನ ಮನೆ ಅಷ್ಟು ದೂರಾನಾ?" ಎಂದು ಯಾರೋ ಕೇಳಿದರು.

ಯಶೋದಮ್ಮ ಗಲ್ಲಿಯ ತುದಿಗೆ ಕೈ ತೋರಿಸಿದಳು. ಅಲ್ಲಿ ರೈಲು ಹಳಿಯ ಗೋಡೆ. ಗೋಡೆಯಾಚೆ, ಹಳಿ ದಾಟಿದರೆ ಕಾಣುವ ಎರಡನೇ ಮನೆ.

*

ಗೋಡೆ ಇಲ್ಲದಿದ್ದಾಗ ತುಂಗಮ್ಮ ಸಾರಿನ ಪಾತ್ರೆ ಹಿಡಿದು ಹಳಿ ದಾಟುತ್ತಿದ್ದಳು. ಅಣ್ಣನ ತಟ್ಟೆಗೆ ಬಡಿಸುವಾಗಲೂ ಸಾರು ಬಿಸಿಯಿರುತ್ತಿತ್ತು. ಆಮೇಲೆ ಬಿನ್ನಿಪೇಟೆಯ ಆ ಬದಿಗೆ ಲೋಕಲ್ ರೈಲಿನ ಹೊಸ ಹಳಿ ಬಂತು, ಗೋಡೆ ಎದ್ದಿತು. ಜನ ದಾಟಲಿ ಎಂದು ಮೇಲುಸೇತುವೆ ಕಟ್ಟಿದರು. ಬರೀ ಮೆಟ್ಟಿಲು. ಲಿಫ್ಟಿಗೆಂದು ತೋಡಿದ ಗುಂಡಿಯಲ್ಲಿ ಸೊಳ್ಳೆ ಬೆಳೆದವು. ತುಂಗಮ್ಮನಿಗೆ ನಾಲ್ಕು ಮೆಟ್ಟಿಲಿಗೆ ಉಸಿರು ಕಟ್ಟುತ್ತಿತ್ತು. ಅಣ್ಣ ಲಿಂಗಪ್ಪನ ಬಲಮಂಡಿ ಮಡಚುತ್ತಿರಲಿಲ್ಲ.

ಜನ ಗೋಡೆ ಒಡೆದು ಕಿಂಡಿ ಮಾಡಿದರು. ಒಂದು ಸಂಜೆ ಅವಳು ಅದರಲ್ಲಿ ನುಸುಳಿ ಹಳಿಯ ಮೇಲೆ ಕಾಲಿಟ್ಟಳು. ರೈಲು ಬಂದೇಬಿಟ್ಟಿತು. ಅದು ದಾಟಿ ಹೋದ ಮೇಲೆ, ಹಿಂದೆ ಸರಿದು ಈಚೆ ಗೋಡೆಗೆ ಒರಗಿದ್ದ ತಂಗಿಗೆ ಲಿಂಗಪ್ಪ ಆಚೆಯಿಂದ ಕಿರುಚಿದ.

"ನನ್ನ ಮೇಲಾಣೆ ತುಂಗಾ! ಇನ್ನೊಂದ್ಸಲ ಹಳಿ ತುಳಿದ್ರೆ ನನ್ನ ಹೆಣ ನೋಡ್ತೀಯ!"

ಅವಳು ಆಣೆ ಮುರಿಯಲಿಲ್ಲ. ಆಟೋದಲ್ಲಿ ಸುತ್ತಿ ಹೋಗೋಣವೆಂದರೆ ಮಗ "ಭಾನುವಾರ" ಎನ್ನುತ್ತಿದ್ದ. ಭಾನುವಾರ ಮಲಗಿರುತ್ತಿದ್ದ. "ಲಿಫ್ಟ್ ಆಗ್ಲಿ, ನಾನೇ ಬರ್ತೀನಿ," ಎನ್ನುತ್ತಿದ್ದ ಅಣ್ಣ. ಸಂಜೆ ಕಿಂಡಿಯ ಬಳಿ ನಿಂತು ಅವನ ಮನೆಯ ಬಟ್ಟೆ ಒಣಗುವುದನ್ನು ನೋಡಿ ಫೋನು ಮಾಡುತ್ತಿದ್ದಳು. "ನಿನ್ ಪಂಚೆ ಹಾರೋಗ್ತದೆ ಕಣಣ್ಣ, ಕ್ಲಿಪ್ ಹಾಕು."

*

ಲಿಂಗಪ್ಪ ಕಾಲೆಳೆಯುತ್ತಾ ಬಂದ. ಕಂಕುಳಲ್ಲಿ ಸೀರೆ. ಪಂಚೆ ಹರಿದಿತ್ತು, ಮೊಣಕೈಯಲ್ಲಿ ರಕ್ತ.

"ಒಬ್ಬ ಆಟೋದವನೂ ನಿಲ್ಲಿಸ್ಲಿಲ್ಲ ಕಣೋ. ಕಿಂಡಿಲಿ ಬಂದೆ."

"ಹಳಿ ದಾಟಿದ್ರಾ?" ಯೋಗಾನಂದ ಕೂಗಿದ. "ಆಣೆ ಹಾಕಿ ಅವ್ವನ್ನ ಸಾಯೋವರ್ಗೂ ಈ ಕಡೆ ನಿಲ್ಲಿಸಿದ್ರಿ. ನೀವು ಮಾತ್ರ ದಾಟ್ಕೊಂಡು ಬಂದ್ರಾ?"

"ನಿನ್ನ ಭಾನುವಾರ ಬಂತೇನೋ?"

ಯೋಗಾನಂದ ಪಕ್ಕಕ್ಕೆ ಸರಿದ. ಲಿಂಗಪ್ಪನಿಗೆ ಬಗ್ಗಲಾಗಲಿಲ್ಲ. ಸೀರೆಯ ಒಂದು ತುದಿಯನ್ನು ಯಶೋದಮ್ಮ ಹಿಡಿದಳು. ಇಬ್ಬರೂ ಸೇರಿ ಹೊದಿಸಿದರು.

"ಅವಳು ಬದುಕ್ಲಿ ಅಂತ ಹಾಕಿದ್ದೆ ಕಣವ್ವ, ಆಣೆ," ಎಂದ ಲಿಂಗಪ್ಪ.

ಚಟ್ಟ ಗಾಡಿಯೊಳಗೆ ಹೋಯಿತು. ಯೋಗಾನಂದನ ದನಿ ಇಳಿದಿತ್ತು. "ಗಾಡಿ ಹತ್ತಿ ಮಾವ. ಆಮೇಲೆ ಮನೆಗೆ ನಾನೇ ಬಿಡ್ತೀನಿ."

"ನಿನ್ನ ಗಾಡೀನೂ ಬೇಡ, ನೀನೂ ಬೇಡ."

ಲಿಂಗಪ್ಪ ನಡೆದ. ಕಿಂಡಿಯ ಕಡೆಗಲ್ಲ, ಸೇತುವೆಯ ಕಡೆಗೆ.

"ಮಾವ, ಆ ಮೆಟ್ಟಿಲು ನಿಮ್ಮ ಕೈಲಾಗಲ್ಲ!"

ಅವನು ಮೊದಲ ಮೆಟ್ಟಿಲಿಗೆ ಬೆನ್ನು ಮಾಡಿ ಕೂತ. ಎರಡು ಕೈ ಹಿಂದಕ್ಕೂರಿ ಮೈ ಎತ್ತಿ ಮೇಲಿನ ಮೆಟ್ಟಿಲಿಗೆ ಸರಿದ. ಮತ್ತೊಂದು. ಮುಖ ಗಲ್ಲಿಯ ಕಡೆಗೇ ಇತ್ತು. ಡ್ರೈವರ್ ಹಾರ್ನ್ ಒತ್ತಿದ. ಯಾರೂ ಗಾಡಿ ಹತ್ತಲಿಲ್ಲ.

ಸೇತುವೆಯ ತಗಡಿನ ಮರೆಗೆ ಮೊದಲು ಲಿಂಗಪ್ಪನ ತಲೆ ಹೋಯಿತು, ಆಮೇಲೆ ಎದೆ. ಕೊನೆಗೆ ಎರಡು ಪಾದ ಉಳಿದವು. ಒಂದು ತಾನಾಗಿ ಮೇಲೆ ಹೋಯಿತು. ಇನ್ನೊಂದು ಅಲ್ಲೇ ಚಾಚಿಕೊಂಡಿತ್ತು. ಅವನದೇ ಒಂದು ಕೈ ಕೆಳಗೆ ಬಂದು ಅದನ್ನು ಎತ್ತಿಕೊಂಡಿತು.