ಇಣಿ ಬಂದ ಕುದುರೆಗಳು

ಗಂಡನ ಹೆಸರನ್ನು ನಾನಾಗಿ ಹೇಳುವಂತಿಲ್ಲ. ಊರವರ ಬಾಯಲ್ಲಿ ಅವರು ಎತ್ತಿನ ಶಟ್ಟೆಪ್ಪ. ಮಣ್ಣೆತ್ತಿನ ಅಮಾವಾಸ್ಯೆ ಬಂತೆಂದರೆ ದೊಡವಾಡದ ಮನೆಮನೆಯಲ್ಲೂ ಪೂಜೆಗೆ ಅವರು ಮಾಡಿದ ಎತ್ತುಗಳೇ. ಆ ಹೆಸರು ಕಿವಿಗೆ ಬಿದ್ದರೆ ಮಾತ್ರ ಅವರಿಗೆ ಮೈಯೆಲ್ಲ ಉರಿ. ದೇವರು ಹತ್ತು ಬೆರಳು ಕೊಟ್ಟದ್ದು ಬರೀ ಎತ್ತು ಮಾಡಲಿಕ್ಕೇನು ಎಂದು ನನ್ನ ಮೇಲೆ ರೇಗುತ್ತಿದ್ದರು, ಹೆಸರಿಟ್ಟವಳು ನಾನೇ ಎಂಬಂತೆ.

ಹೀಗಿರುವಾಗ ಬೈಲಹೊಂಗಲದ ಅರಳೆ ವ್ಯಾಪಾರಿ ನಿಜಗುಣಪ್ಪನವರು ಹೇಳಿ ಕಳಿಸಿದರು. ದೀಪಾವಳಿಗೆ ತಮ್ಮ ಪಡಸಾಲೆಯಲ್ಲಿ ಕಿತ್ತೂರ ಕಾಳಗವನ್ನು ಬೆರಳುದ್ದದ ಗೊಂಬೆಗಳಲ್ಲಿ ಮಾಡಿ ಇಡಬೇಕು; ಚಿಕ್ಕಂದಿನಲ್ಲಿ ಆ ಕಾಲ ಕಂಡ ಅವರ ಅಜ್ಜಿ ರಾಚವ್ವ ನೋಡಬೇಕು. ನಮ್ಮವರು ಕುಣಿದಾಡಿಬಿಟ್ಟರು. ಇದೊಂದು ಗೆದ್ದರೆ ಎತ್ತಿನ ಹೆಸರು ಅಳಿಸಿ ಹೋಗುತ್ತದಲ್ಲ!

ಎರೆಮಣ್ಣಿಗೆ ಅರಳೆ ಬೆರೆಸಿ ಕುಟ್ಟಿದ್ದೇ ಕುಟ್ಟಿದ್ದು. ದೊಡ್ಡ ಹಲಗೆಯ ಮೇಲೆ ಕೋಟೆ ಎದ್ದಿತು, ಸುತ್ತ ಕಂದಕ ಬಂತು. ನಾನು ಸಾಸಿವೆ ಚೆಲ್ಲಿ ನೀರು ಚಿಮುಕಿಸಿದೆ. ಅದು ಮೊಳೆತು ಹುಲ್ಲುಗಾವಲಾಯಿತು. ಅವರು ಸವಾರರನ್ನು ಕಾಲು ಅಗಲಿಸಿಯೇ ತಿದ್ದಿದರು, ಕುದುರೆಗಳನ್ನು ಬೇರೆ ಮಾಡಿ ಒಣಗಿಸಿದರು. ಅಳಿಲ ಬಾಲದ ಕೂದಲಿನ ಕುಂಚದಿಂದ ಕಾವಿ, ಸುಣ್ಣ, ನೀಲಿ ಬಳಿದು ಮೀಸೆಗೂ ಮಸಿ ಹಚ್ಚಿದ್ದಾಯಿತು. ಮರುದಿನ ಅವನ್ನು ಬೈಲಹೊಂಗಲಕ್ಕೆ ಒಯ್ಯಲು ಚಕ್ಕಡಿ ಬರುವುದಿತ್ತು. ಸವಾರನೊಬ್ಬನನ್ನು ಕುದುರೆಯ ಮೇಲೆ ಕೂರಿಸಿದರೆ ಅವನು ಜಾರಿ ಅದರ ಕುತ್ತಿಗೆಯನ್ನು ತಬ್ಬಿಕೊಂಡ. ಇನ್ನೊಬ್ಬನೂ ಹಾಗೆಯೇ. ನಾನು ಬಗ್ಗಿ ನೋಡಿದೆ.

"ಕುದರಿಗೆ ಇಣಿ ಇರತೈತೇನ್ರಿ?"

ಅಷ್ಟೂ ಕುದುರೆಗಳ ಹೆಗಲ ಮೇಲೆ, ಎತ್ತಿಗಿರುವಂತೆ, ದುಂಡನೆಯ ಇಣಿ! ಅವರ ಹೆಬ್ಬೆರಳು ಅಭ್ಯಾಸಬಲದಿಂದ ಮಣ್ಣನ್ನು ಮೇಲಕ್ಕೆ ಚಿವುಟಿಬಿಟ್ಟಿತ್ತು. ಕೆರೆಯಲು ಹೋದರೆ ಒಂದರ ಕುತ್ತಿಗೆಯೇ ಕಿತ್ತು ಬಂತು. ಅವರು ತಲೆಯ ಮೇಲೆ ಕೈಹೊತ್ತು ಕೂತರು. ಪಾಪ ಅನ್ನಿಸಿತು, ಖರೆ. ಆದರೂ ನಗು ತಡೆಯಲಾಗದೆ ಸೆರಗು ಬಾಯಿಗೆ ತುರುಕಿಕೊಂಡೆ. ಸ್ವಲ್ಪ ಹೊತ್ತಿಗೆ ಅವರಿಗೂ ನಗು ಅಂಟಿತು, ಇಬ್ಬರೂ ಹೊಟ್ಟೆ ಹಿಡಿದುಕೊಂಡು ಉರುಳಾಡಿದೆವು.

ಉಪಾಯ ಹೊಳೆದದ್ದು ನನಗೇ. ಇಣಿಗೆ ಬಿಳಿ ಬಳಿದು, ಮೇಲೆ ಕೆಂಪು ಚೌಕಡಿ ಎಳೆದು, ತುದಿಗೆ ಗಂಟು ಬರೆದೆ: ಬುತ್ತಿಯ ಗಂಟು. ಕಾಲು ಅಗಲಿಸಿದ ಸವಾರರನ್ನು ಕೆಳಗಿಳಿಸಿ ಸಾಸಿವೆಯ ಹುಲ್ಲಿನ ಮೇಲೆ ಕೂರಿಸಿದರೆ, ಊಟಕ್ಕೆ ಕೂತವರೇ ಆದರು. ಮುಂದೆ ಒಂದೊಂದು ಚಿಟಿಕೆ ಮಣ್ಣಿನ ರೊಟ್ಟಿ ಇಟ್ಟೆ. ಕಾಳಗ ನಿಂತು ಊಟ ಸುರುವಾಯಿತು.

ಬೈಲಹೊಂಗಲದ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕತ್ತಿ ಎಲ್ಲಿ, ತೋಪು ಎಲ್ಲಿ ಎಂದು ಜನ ಗುಜುಗುಜು ಮಾಡಿದರು. ನಿಜಗುಣಪ್ಪನವರ ಮುಖ ಬಿಗಿಯಿತು. ನಮ್ಮವರು ಕಂಬದ ಹಿಂದೆ ಸರಿದರು. ಕಣ್ಣು ಮಂಜಾದ ರಾಚವ್ವ ಕುದುರೆಯೊಂದನ್ನು ಅಂಗೈಯಲ್ಲಿಟ್ಟುಕೊಂಡು ಬೆರಳಾಡಿಸಿದರು. ಮೇಲಿರುವುದು ಬುತ್ತಿಯ ಗಂಟೆಂದು ನಾನು ಹೇಳಿದೆ. ಒಕ್ಕಲುತನದ ಮನೆಯ ಬೆರಳು, ಮೋಸ ಹೋಗುತ್ತದೆಯೇ?

"ಇದು ಗಂಟಲ್ಲ, ಇಣಿ," ಅಂದರು.

ಪಡಸಾಲೆಯೆಲ್ಲ ಗೊಳ್ಳೆಂದಿತು. ನಿಜಗುಣಪ್ಪನವರು ಆ ಗಂಟಿನ ಬಣ್ಣ, ಹುಲ್ಲಿನ ಮೇಲಿನ ರೊಟ್ಟಿ ಎಲ್ಲವನ್ನೂ ಅಜ್ಜಿಗೆ ವಿವರಿಸಿದರು. ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು.

"ನಮ್ಮಪ್ಪ ಕಾಳಗಕ್ಕ ಕಿತ್ತೂರ ಕ್ವಾಟಿಗಿ ಹೋಗೂ ದಿನ ನಮ್ಮವ್ವ ಅಳಕೋತ ರೊಟ್ಟಿ ಬಡದು ಕಟ್ಟಿಕೊಟ್ಟಿದ್ಲು. ಎಲ್ಲಾರೂ ಬರೇ ಕತ್ತೀದ ಹೇಳತಾರ. ಆಕೀ ರೊಟ್ಟಿ ಯಾರಿಗೂ ನೆನಪಿಲ್ಲ. ಇವ ಇಟ್ಟಾನ. ಯಾರಪಾ ನೀ?"

ಕಂಬದ ಹಿಂದಿನಿಂದ ನಮ್ಮವರು ಹೊರಗೆ ಬಂದರು, ಮುಖವೆಲ್ಲ ನಗು.

"ಎತ್ತಿನ ಶಟ್ಟೆಪ್ಪ ಅಂತಾರ್ರಿ, ಅವ್ವಾರ."

ಯಾರೂ ಕೇಳದಿದ್ದರೂ ಇನ್ನೊಮ್ಮೆ ಗಟ್ಟಿಯಾಗಿ ಹೇಳಿದರು.